ಒಂಬತ್ತನೇ ವಾರದ ಬರಹ

ಮಾಯಾ ಮೇಡಂ ನೋಡಲು ಹೇಗಿದ್ದಾರೆ ಎಂಬುದು ನಮ್ಮ ಮೂವತ್ತೊಂದು ಮಂದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬಾಗಲಕೋಟೆಯ ಒಂದು ಕಾಲೇಜಿನವರು ಎರಡು ಸಾವಿರದ ಎಂಟರಲ್ಲಿ ಬಾಲವಾಡಿ ಶಿಕ್ಷಕರ ತರಬೇತಿಯನ್ನು ಮೊದಲ ಸಲ ಆನ್‌ಲೈನ್ ಮಾಡಿದ್ದರು. ತರಗತಿ ಎಂದರೆ ಒಂದು ವೆಬ್‌ಸೈಟು, ಅಷ್ಟೇ. ಸೋಮವಾರ ಮುಂಜಾನೆ ಮೇಡಂ ಅದರ ಮೇಲೆ ಒಂದು ಪಾಠ, ಒಂದು ಪ್ರಶ್ನೆ ಇಟ್ಟು ಹೋಗುತ್ತಿದ್ದರು. ಆಮೇಲೆ ಎಲ್ಲೋ ಕುಳಿತು ನಾವು ಬರೆದದ್ದನ್ನೆಲ್ಲ ಓದುತ್ತಿದ್ದರು. ನಮ್ಮ ಆಯಿಯ ಕತೆಗಳಲ್ಲಿ ಏಳುಪ್ಪರಿಗೆಯ ಮೇಲೆ ಕುಳಿತು ಕೆಳಗೆ ಬರೇ ಚೀಟಿ ಇಳಿಬಿಡುವ ಒಬ್ಬ ಹೆಂಗಸು ಬರುತ್ತಿದ್ದಳು. ನನ್ನ ಮಟ್ಟಿಗೆ ಮೇಡಂ ಎಂದರೆ ಅವಳೇ. ಅವರ ಮೂಗಿಗೆ ನಾನು ಮುತ್ತಿನ ನತ್ತನ್ನೂ ಹಾಕಿಬಿಟ್ಟಿದ್ದೆ.

"ಹೆಸರ ಮಾಯಾ ಅಂತ ಇಟಗೊಂಡಾಳ, ಇನ್ನ ಮುಖಾ ಎಲ್ಲಿಂದ ತೋರಸ್ತಾಳ," ಅಂದಿದ್ದಳು ಆಯಿ.

ಆಯಿ ಅಂದರೆ ನನ್ನ ಅಪ್ಪನ ತಾಯಿ, ರತ್ನಾಬಾಯಿ. ನಾವು ಇಳಕಲ್ಲಿನ ನೇಕಾರರು. ಮನೆಯ ಪಡಸಾಲೆಯಲ್ಲಿ ಎರಡು ಕುಣಿಮಗ್ಗ, ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ನಾನು ಮತ್ತು ನಮ್ಮ ಮನೆಯಲ್ಲೇ ಬೆಳೆದ ಚೇತನಾ ಪಾಳಿಯ ಮೇಲೆ. ಪಿಯುಸಿ ಮುಗಿಸಿ ನಾಲ್ಕು ವರ್ಷ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತವಳಿಗೆ ಈ ತರಬೇತಿ ಒಂದು ಕಿಂಡಿಯಂತೆ ತೆರೆದುಕೊಂಡಿತ್ತು. ಹುನಗುಂದದ ಒಂದು ಸಾಲಿಯಲ್ಲಿ ಮುಂದಿನ ಜೂನ್‌ಗೆ ಬಾಲವಾಡಿಯ ಕೆಲಸ ಖಾಲಿಯಾಗಲಿತ್ತು. ಸರ್ಟಿಫಿಕೇಟ್ ತೋರಿಸಿದರೆ ಕೆಲಸ ನಿಮ್ಮ ಮಗಳಿಗೇ ಎಂದು ಅಲ್ಲಿಯ ಹೆಡ್‌ಮಾಸ್ತರರು ಅಪ್ಪನಿಗೆ ಮಾತು ಕೊಟ್ಟಿದ್ದರು. ನಾನಾಗಲೇ ಆ ಸಾಲಿಯ ಮಕ್ಕಳಿಗೆಲ್ಲ ಮನಸ್ಸಿನಲ್ಲೇ ಹೆಸರಿಟ್ಟು, ಯಾರು ಅಳುತ್ತಾರೆ ಯಾರು ಕಚ್ಚುತ್ತಾರೆ ಎಂಬುದನ್ನೂ ತೀರ್ಮಾನಿಸಿದ್ದೆ.

ತರಬೇತಿಗೆ ಹನ್ನೊಂದು ನಿಯಮಗಳಿದ್ದವು. ಬಸ್‌ಸ್ಟ್ಯಾಂಡಿನ ಹತ್ತಿರ ಮೂರು ಕಂಪ್ಯೂಟರ್ ಇಟ್ಟುಕೊಂಡು ಇಂಟರ್‌ನೆಟ್ ಅಂಗಡಿ ನಡೆಸುತ್ತಿದ್ದ ಖಾದರಬಾಷಾ ಚಾಚಾ ಅವನ್ನು ಅಚ್ಚು ಹಾಕಿ ಕೊಟ್ಟರು. ನಾನು ಆ ಹಾಳೆಯನ್ನು ಗಂಜಿ ಸವರಿ ಮಗ್ಗದ ಎದುರಿನ ಗೋಡೆಗೆ ಅಂಟಿಸಿದೆ. ಆಯಿ ನೂಲು ಸುತ್ತುತ್ತ ಕುಳಿತಿದ್ದಳು. ಗಟ್ಟಿಯಾಗಿ ಓದಿ ಹೇಳಿದೆ. ವಾರಕ್ಕೊಂದು ಬರಹ, ಭಾನುವಾರ ಸಂಜೆ ಆರರೊಳಗೆ. ಇಬ್ಬರು ಸಹಪಾಠಿಗಳ ಬರಹಕ್ಕೆ ಉತ್ತರ ಕೊಡಬೇಕು. ಯಾರನ್ನೂ ಹೀಯಾಳಿಸಬಾರದು. ನಿಮ್ಮ ಹೆಸರಿನಲ್ಲಿ ಇರುವುದೆಲ್ಲ ನಿಮ್ಮದೇ ಬರಹವಾಗಿರಬೇಕು, ಪಾಸ್‌ವರ್ಡ್ ಯಾರಿಗೂ ಕೊಡಬಾರದು. ಎರಡು ವಾರ ತಪ್ಪಿಸಿದವರನ್ನು ಆ ವರ್ಷದ ತರಬೇತಿಯಿಂದ ತೆಗೆಯಲಾಗುವುದು.

"ಇಷ್ಟೇನು? ನನ್ನ ಕತಿಗೆ ಇದಕ್ಕಿಂತ ಜಾಸ್ತಿ ಅದಾವು," ಅಂದಳು ಆಯಿ. "ನಿದ್ದಿ ಮಾಡಬಾರದು. ಮುಂದಿಂದು ಗೊತ್ತಿದ್ರೂ ಬಾಯಿ ಹಾಕಬಾರದು. ಹೂಂ ಅನ್ನೂದ ಬಿಡಬಾರದು. ಹೂಂ ಅನ್ನೂದ ಬಿಟ್ರ ಕತಿ ಅಲ್ಲೇ ನಿಂತ ಬಿಡತೈತಿ."

ಚಿಕ್ಕಂದಿನಿಂದ ಕೈಗೆ ಹತ್ತಿದ ಆ ಪಾಠ ನನಗೆ ಮೊದಲ ವಾರವೇ ಮುಳುವಾಯಿತು. ಬಾದಾಮಿಯ ಯಮನೂರ ಎಂಬ ಸಹಪಾಠಿ ತನ್ನ ಊರಿನ ಅಂಗನವಾಡಿಯ ಬಗ್ಗೆ ಎರಡು ಪುಟ ಬರೆದಿದ್ದ. ನಾನು ಕೊನೆಯವರೆಗೂ ಓದಿ, ಕೆಳಗೆ "ಹೂಂ" ಎಂದು ಬರೆದೆ. ಇನ್ನೊಬ್ಬಳಿಗೂ "ಹೂಂ". ಮರುದಿನ ಮೇಡಂ ಚೀಟಿ ಇಳಿಬಿಟ್ಟಿದ್ದರು: "ಪ್ರಿಯದರ್ಶಿನಿಯವರೇ, ಹೂಂ ಎಂಬುದು ಉತ್ತರವಲ್ಲ. ನೀವು ಏಕೆ ಒಪ್ಪುತ್ತೀರಿ, ಅಥವಾ ಏಕೆ ಒಪ್ಪುವುದಿಲ್ಲ ಎಂಬುದನ್ನು ಬರೆಯಿರಿ."

"ನಡುನಡುವ ಎಲ್ಲಾರೂ ಯಾಕ ಯಾಕ ಅಂದ್ರ ಕತಿ ಹೇಳಾವರ ಗತಿ ಏನಬೇ?" ಆಯಿಗೆ ಆ ಮೇಡಂ ಮೇಲೆ ಅಂದಿನಿಂದ ಸ್ವಲ್ಪ ಸಿಟ್ಟು.

ನಾನು ಮಾತ್ರ ಕಲಿತೆ. ಒಪ್ಪದಿದ್ದರೆ ಒಪ್ಪುವುದಿಲ್ಲ ಎಂದು ಮರ್ಯಾದೆಯಿಂದ ಬರೆಯುವುದು ಹೇಗೆ ಎಂಬುದನ್ನು ಅಲ್ಲಿಯವರೆಗೆ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ಒಪ್ಪದವರು ಉಣ್ಣದೆ ಮಲಗುತ್ತಿದ್ದರು.

ಮೂರನೇ ವಾರ ಭಾನುವಾರ ಇಡೀ ದಿನ ಕರೆಂಟ್ ಇರಲಿಲ್ಲ. ಆರು ಹೊಡೆಯಿತು, ಏಳು ಹೊಡೆಯಿತು, ಖಾದರಬಾಷಾ ಚಾಚಾ ಕತ್ತಲೆ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ನನ್ನ ಮುಖ ನೋಡುತ್ತ ಕುಳಿತರು. ನನ್ನ ಹೆಸರಿನ ಮುಂದೆ ಒಂದು ವಾರ ತಪ್ಪಿತು ಎಂದು ಬಿತ್ತು. ಇನ್ನೊಂದು ತಪ್ಪಿದರೆ ಹುನಗುಂದವೂ ಇಲ್ಲ, ಜೂನೂ ಇಲ್ಲ.

ಒಂಬತ್ತನೇ ವಾರ ಆಯಿಯ ಕಣ್ಣಿನ ಪೊರೆ ತೆಗೆಸಲು ಬಾಗಲಕೋಟೆಯ ದವಾಖಾನಿಗೆ ಹೋಗಬೇಕಾಯಿತು. ಮೂರು ದಿನದ ಕೆಲಸ ಅಂದಿದ್ದರು. ಸಕ್ಕರಿ ಇಳಿಯಲಿ ಎಂದು ಡಾಕ್ಟರು ಮೊದಲೇ ನಾಲ್ಕು ದಿನ ಕೂಡಿಸಿಕೊಂಡರು. ಜೊತೆಗಿರಲು ಒಬ್ಬರಿಗಷ್ಟೇ ಪರವಾನಗಿ. ಎರಡೆರಡು ತಾಸಿಗೆ ಹನಿ ಹಾಕಬೇಕು, ಆಯಿಯನ್ನು ಬಿಟ್ಟು ಗೇಟಿನಾಚೆ ಹೋಗುವಂತಿಲ್ಲ. ಬುಧವಾರವೇ ನನಗೆ ತಿಳಿಯಿತು, ಭಾನುವಾರ ನಾನು ಇಳಕಲ್ಲಿನಲ್ಲಿ ಇರುವುದಿಲ್ಲ. ದವಾಖಾನಿಯ ಕಾಯಿನ್ ಫೋನಿನಿಂದ ಪಕ್ಕದ ಮನೆಗೆ ಫೋನ್ ಮಾಡಿ ಚೇತನಾಳನ್ನು ಕರೆಸಿದೆ.

ಚೇತನಾ ನನ್ನ ಅತ್ತಿಯ ಮಗಳು, ನನಗಿಂತ ಎರಡು ವರ್ಷ ಸಣ್ಣವಳು. ಅತ್ತಿ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದವಳು. ನಾನು ಒಂಬತ್ತನೆಯಲ್ಲಿದ್ದಾಗ ಅವ್ವನಿಗೆ ಬೆನ್ನು ಹಿಡಿದು ಮಗ್ಗಕ್ಕೆ ಒಬ್ಬರು ಬೇಕಾದರು. ಆಗ ಚೇತನಾ ಏಳನೇ ಪಾಸಾಗಿದ್ದಳು. ಅವಳು ಕುಳಿತಳು. ಯಾರೂ ಕೂಡಿಸಲಿಲ್ಲ ಎಂದೇ ನನಗೆ ನೆನಪು.

"ನನ್ನ ಬದಲಿ ನೀ ಕೂಡ್ತಿಯೇನು?" ಎಂದು ಕೇಳಿದೆ.

"ಮಗ್ಗದಾಗ ಕುಂತೇನಲ್ಲ."

"ಮಗ್ಗಲ್ಲ, ಕ್ಲಾಸಿಗೆ. ಪ್ರಶ್ನಿ ಚಾಚಾ ಹೇಳ್ತಾರ. ನಿನಗ ತಿಳದಂಗ ಬರದು ಕೊಡು, ಅವರು ಟೈಪ್ ಮಾಡ್ತಾರ. ಪಾಸ್‌ವರ್ಡ್ ಹೇಳ್ತೇನಿ, ಬರಕೋ."

ಈಗ ಯೋಚಿಸಿದರೆ ಆಶ್ಚರ್ಯ. ಆ ನಿಯಮವನ್ನು ನಾನು ದಿನಾ ಮಗ್ಗದ ಎದುರಿಗೆ ನೋಡುತ್ತಿದ್ದೆ. ಆದರೆ ಫೋನಿನಲ್ಲಿ ಪಾಸ್‌ವರ್ಡ್ ಹೇಳುವಾಗ ನನಗೆ ತಪ್ಪು ಮಾಡುತ್ತಿದ್ದೇನೆ ಎಂದು ಅನ್ನಿಸಲಿಲ್ಲ. ಲಾಳಿ ಎಲ್ಲಿಟ್ಟಿದ್ದೇನೆ ಎಂದು ಹೇಳಿದಷ್ಟು ಸಹಜವಾಗಿ ಹೇಳಿದೆ. ನಮ್ಮ ಓಣಿಯಲ್ಲಿ ಮಗ್ಗ ಖಾಲಿ ಬಿಡುವುದಿಲ್ಲ. ಒಬ್ಬಳಿಗೆ ಜ್ವರ ಬಂದರೆ, ಬಾಣಂತನಕ್ಕೆ ಹೋದರೆ, ಮದುವೆಗೆ ಹೋದರೆ, ಅರ್ಧ ಸೀರೆಯ ಮುಂದೆ ಇನ್ನೊಬ್ಬಳು ಬಂದು ಕೂಡುತ್ತಾಳೆ. ಸೀರೆ ಮುಗಿಯುತ್ತದೆ. ಅದನ್ನು ಯಾರೂ ಮೋಸ ಅನ್ನುವುದಿಲ್ಲ.

ಏಳು ದಿನದ ಮೇಲೆ, ಸೋಮವಾರ, ಆಯಿ ಕರಿ ಕನ್ನಡಕ ಹಾಕಿಕೊಂಡು ಬಸ್ಸು ಹತ್ತಿದಳು. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಚೇತನಾಳಿಗೆಂದು ಕರದಂಟು ತಂದೆ. "ನನಗಲ್ಲೇನು?" ಅಂದಳು ಆಯಿ, ವಾಸನೆ ಹಿಡಿದು.

"ನಿನಗ ಸಕ್ಕರಿ."

"ಕಣ್ಣ ಮುಚ್ಚಿದ್ರ ಮೂಗೂ ಮುಚ್ಚಬೇಕಿತ್ತು ಆ ಡಾಕ್ಟರ."

ಮರುದಿನ ಮುಂಜಾನೆ ಖಾದರಬಾಷಾ ಚಾಚಾರ ಅಂಗಡಿಗೆ ಹೋದೆ. ಅವರು ನನ್ನನ್ನು ನೋಡಿದ ಕೂಡಲೇ ಕುರ್ಚಿ ಒರೆಸಿದರು. ಹಾಗೆ ಅವರು ಎಂದೂ ಮಾಡಿದವರಲ್ಲ.

"ಬಾ ಬಾರವಾ, ಫಸ್ಟ್ ಬಂದೀ."

ಪರದೆಯ ಮೇಲೆ ಎಲ್ಲಕ್ಕಿಂತ ಮೇಲೆ ನನ್ನ ಹೆಸರಿತ್ತು. ಕೆಳಗೆ ಮೇಡಂ ಬರೆದಿದ್ದರು: "ಈ ತರಗತಿಯಲ್ಲಿ ಇದುವರೆಗೆ ನಾನು ಓದಿದ ಅತ್ಯುತ್ತಮ ಬರಹ ಇದು. ಪ್ರಿಯದರ್ಶಿನಿಯವರೇ, ನಿಮ್ಮ ಹಿಂದಿನ ಬರಹಗಳಲ್ಲಿ ಕನಸು ಹೆಚ್ಚು, ಕಂಡದ್ದು ಕಡಿಮೆ ಎಂದು ನನಗೆ ಅನ್ನಿಸುತ್ತಿತ್ತು. ಈ ಸಲ ನೀವು ಕಂಡದ್ದನ್ನು ಬರೆದಿದ್ದೀರಿ. ಎಲ್ಲರೂ ಓದಿ." ಅದರ ಕೆಳಗೆ ಹದಿನೇಳು ಉತ್ತರಗಳು. ಯಮನೂರ ಬರೆದಿದ್ದ: "ಅಕ್ಕಾರ, ನೀವು ಅನುಭವಿಸಿದ್ದು ಓದಿ ನನ್ನ ತಂಗಿಗೂ ಓದಿಸಿದೆ. ಆಕೆ ಅತ್ತಳು."

ನಾನು ಏನು ಅನುಭವಿಸಿದ್ದೇನೆ ಎಂದು ನೋಡಲು ಬರಹ ತೆರೆದೆ. ನಿಮ್ಮ ಓಣಿಯಲ್ಲಿ ಮಗು ಹೇಗೆ ಕಲಿಯುತ್ತದೆ ಎಂಬುದು ಆ ವಾರದ ಪ್ರಶ್ನೆಯಾಗಿತ್ತು.

"ನಮ್ಮ ಓಣಿಯಲ್ಲಿ ಮಗು ಮಗ್ಗದ ಬಾಜೂಕ ಕುಳಿತು ಕಲಿಯುತ್ತದೆ," ಎಂದು ಅದು ಸುರುವಾಗಿತ್ತು. "ಎಳೆ ಎಣಿಸುತ್ತ ನೂರು ಕಲಿಯುತ್ತದೆ. ಒಂದು ಹುಡುಗಿ ಏಳನೇ ಮುಗಿಸಿ ಮಗ್ಗಕ್ಕೆ ಕುಳಿತಳು. ಮುಂಜಾನೆ ಅಕ್ಕ ಸಾಲಿಗೆ ಹೋಗುವಾಗ ಚಪ್ಪಲಿ ಸಪ್ಪಳ ಕೇಳುತ್ತಿತ್ತು. ಹುಡುಗಿ ಎಣಿಸುತ್ತಿದ್ದಳು. ನಲವತ್ತೆರಡಕ್ಕೆ ಓಣಿ ತಿರುವು. ಅಲ್ಲಿಂದ ಮುಂದೆ ಎಣಿಸಲು ಬರುತ್ತಿರಲಿಲ್ಲ. ಸಂಜೆ ಅಕ್ಕ ಬಂದು ಕತೆ ಹೇಳುತ್ತಿದ್ದಳು. ಅಜ್ಜಿ ಹೇಳಿದಂಥ ಕತೆ, ರಾಜಕುಮಾರಿ, ಏಳು ಸಮುದ್ರ. ಚೆಂದ ಹೇಳುತ್ತಿದ್ದಳು. ಆದರೆ ಹುಡುಗಿಗೆ ಬೇಕಾದದ್ದು ರಾಜಕುಮಾರಿ ಅಲ್ಲ. ಇವತ್ತು ಸಾಲಿಯಲ್ಲಿ ಏನು ಕಲಿಸಿದರು ಅಂತ ಬೇಕಾಗಿತ್ತು. ಅದನ್ನು ಅಕ್ಕ ಎಂದೂ ಹೇಳಲಿಲ್ಲ. ಹುಡುಗಿ ಎಂದೂ ಕೇಳಲಿಲ್ಲ. ಬಾಲವಾಡಿ ಮೇಡಂ ಆಗುವವರು ಕೇಳದೆ ಇರುವ ಮಗುವನ್ನು ಮೊದಲು ನೋಡಬೇಕು."

ಇನ್ನೂ ಇತ್ತು. ನಾನು ಅಲ್ಲಿಗೇ ನಿಲ್ಲಿಸಿ ಮತ್ತೆ ಮೊದಲಿನಿಂದ ಓದಿದೆ. ಎರಡನೇ ಸಲವೂ ಆ ಚಪ್ಪಲಿ ನನ್ನದೇ ಆಗಿತ್ತು.

"ಏನ್ ಬರದಾಳವಾ ಹುಡುಗಿ," ಎಂದರು ಚಾಚಾ, ಬೆನ್ನ ಹಿಂದೆ ನಿಂತು. "ನಾ ಬರೇ ಬೆರಳು. ಒಂದಕ್ಷರ ನನ್ನದಲ್ಲ. ಇಬ್ಬರಿಗೆ ಉತ್ತರಾನೂ ಬರಸಿದ್ಲು. ನಡುವ ಒಮ್ಮೆ ನನಗ ಕಣ್ಣಾಗ ಏನೋ ಹೋತು ಅಂತ ಎದ್ದು ಹೋಗಿದ್ದೆ."

ಮನೆಗೆ ಬರುವ ದಾರಿಯಲ್ಲಿ ನನ್ನ ಮನಸ್ಸು ಒಂದು ಕೆಟ್ಟ ಕೆಲಸ ಮಾಡಿತು. ಆ ಹುಡುಗಿ ನಾನೇ ಎಂದು ನಂಬಿಸಲು ನೋಡಿತು. ಅದು ನನಗೆ ಕಷ್ಟವಲ್ಲ. ಕತೆ ಕೇಳುತ್ತ ಬೆಳೆದವಳಿಗೆ ಯಾರ ಅಂಗಿಯೊಳಗಾದರೂ ನುಸುಳಲು ಬರುತ್ತದೆ. ಓಣಿಯ ತಿರುವಿಗೆ ಬರುವಷ್ಟರಲ್ಲಿ ನಾನು ಮಗ್ಗದ ಕುಣಿಯಲ್ಲಿ ಕುಳಿತಿದ್ದೆ, ಯಾರದೋ ಚಪ್ಪಲಿ ಸಪ್ಪಳ ದೂರವಾಗುತ್ತಿತ್ತು. ನನ್ನ ಮೇಲೆ ನನಗೇ ಪಾಪ ಅನ್ನಿಸಿತು.

ಪಡಸಾಲೆಯಲ್ಲಿ ಆಯಿ ಎರಡನೇ ಮಗ್ಗದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಅರ್ಧ ನೇಯ್ದ ಸೀರೆಯ ಮೇಲೆ ಕೈಯಾಡಿಸುತ್ತಿದ್ದಳು. ಕಣ್ಣಿಗಿನ್ನೂ ಕರಿ ಕನ್ನಡಕ. ನಾನು ದವಾಖಾನಿಗೆ ಹೋಗುವಾಗ ಆ ಸೀರೆಯನ್ನು ಮೊಳದಷ್ಟು ನೇಯ್ದು ಬಿಟ್ಟು ಹೋಗಿದ್ದೆ. ಈಗ ಅದು ಬಹಳ ಮುಂದೆ ಹೋಗಿತ್ತು.

"ಇಲ್ಲೀತನಕ ನೀ," ಅಂದಳು ಆಯಿ. "ಇಲ್ಲಿಂದ ಚೇತನಾ. ನಿಂದು ಸಡ್ಲ, ಆಕಿದು ಬಿಗಿ."

"ಕಣ್ಣ ಕಾಣದ ಹೆಂಗ ತಿಳೀತು?"

"ಕೈಗೆ ತಿಳೀತೈತಿ. ಮತ್ತ ಇದೈತಲ್ಲ." ಅವಳ ಬೆರಳು ಸೀರೆಯ ಅಂಚಿಗೆ ಹೋಯಿತು. ಅಲ್ಲಿ ಒಂದು ಹಳದಿ ನೂಲಿನ ಗಂಟು ಇತ್ತು.

ಅದು ನಮ್ಮ ಮನೆಯ ರೂಢಿ. ಒಬ್ಬಳ ಸೀರೆಗೆ ಇನ್ನೊಬ್ಬಳು ಕುಳಿತರೆ, ಲಾಳಿ ಹಿಡಿಯುವ ಮೊದಲು ಅಂಚಿನ ಎಳೆಗೆ ಹಳದಿ ನೂಲು ಕಟ್ಟುತ್ತಾಳೆ. ಇಲ್ಲಿಂದ ಕೈ ಬೇರೆ ಅಂತ. ಸೀರೆ ಮಗ್ಗದಿಂದ ಇಳಿದ ಮೇಲೆ ಆಯಿ ಅದನ್ನು ನೋಡುತ್ತಾಳೆ, ಯಾರ ಕೈ ಎಲ್ಲಿ ಸುಧಾರಿಸಬೇಕು, ಯಾರ ಕೈ ಎಲ್ಲಿ ಚಲೋ ಬಂದಿದೆ ಎಂದು ಹೇಳುತ್ತಾಳೆ, ಆಮೇಲೆ ಆ ಗಂಟು ಕತ್ತರಿಸುತ್ತಾಳೆ. ಚಿಕ್ಕಂದಿನಿಂದ ನೂರು ಸಲ ನೋಡಿದ್ದೆ. ಫೋನಿನಲ್ಲಿ ಪಾಸ್‌ವರ್ಡ್ ಹೇಳುವಾಗ ನೆನಪಾಗಿದ್ದು ಬದಲಿ ಕೂಡುವುದಷ್ಟೇ, ಈ ಗಂಟು ನೆನಪಾಗಿರಲಿಲ್ಲ.

ನಾನು ಆಯಿಯ ಹತ್ತಿರ ಕುಳಿತು ಎಲ್ಲ ಹೇಳಿದೆ. ಮೇಡಂ ಹೊಗಳಿದ್ದು, ಹದಿನೇಳು ಉತ್ತರ, ಯಮನೂರನ ತಂಗಿ ಅತ್ತದ್ದು.

"ಆಕಿ ಕುಂತದ್ದಕ್ಕ ನಾ ಏನೂ ಅನ್ನೂದಿಲ್ಲ," ಅಂದಳು ಆಯಿ. "ನೂಲು ಎಲ್ಲಿ ಕಟ್ಟೀರಿ?"

"ಕಟ್ಟಿಲ್ಲ."

ಆಯಿ ಸೀರೆಯಿಂದ ಕೈ ತೆಗೆದಳು. ನನಗೆ ಅವಳು ಬೈದಿದ್ದರೆ ಚಲೋ ಇತ್ತು.

ಅಪ್ಪ ಎದುರು ಮಗ್ಗದಿಂದ ಎಲ್ಲ ಕೇಳುತ್ತಿದ್ದ. ನಮ್ಮ ಅಪ್ಪ ಅಮೀನಪ್ಪ ಅಂದರೆ ಓಣಿಯಲ್ಲಿ ಮಾತು ಕಡಿಮೆ ಎಂದೇ ಹೆಸರು. ಕಾಲು ನಿಲ್ಲಿಸಿ ಹೇಳಿದ, "ಮನ್ಯಾಗಿನ ಮಾತು ಮನ್ಯಾಗ ಇರಲಿ. ಆ ಕಾಲೇಜಿನವರು ಇಳಕಲ್ಲಿಗೆ ಬಂದು ನೋಡ್ತಾರೇನು? ಜೂನದಾಗ ನೌಕರಿ ಐತಿ. ಹೇಳಿದ್ರ ಆ ವಾರ ಸೊನ್ನಿ. ಎರಡ ವಾರ ತಪ್ಪಿದಂಗ ಆತು. ತಗದ ಹಾಕ್ತಾರ. ಗ್ವಾಡಿ ಮ್ಯಾಲ ಬರದೈತಿ, ನಾನೂ ಓದೇನಿ."

ಅವನು ಓದಿದ್ದಾನೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಚೇತನಾ ಹಿತ್ತಲಲ್ಲಿ ಬಣ್ಣದ ನೂಲು ಒಣಹಾಕುತ್ತಿದ್ದಳು. ಕರದಂಟಿನ ಪೊಟ್ಟಣ ಕೊಟ್ಟೆ. ಬಿಚ್ಚದೆ ಕಟ್ಟೆಯ ಮೇಲಿಟ್ಟಳು.

"ಓದಿದ್ಯಾ?" ಎಂದಳು, ನೂಲಿನ ಕಡೆಗೇ ನೋಡುತ್ತ.

"ಓದಿದೆ. ಖರೆ ನಲವತ್ತೆರಡು ಹೆಜ್ಜೇನ?"

"ನೀ ಒಂಬತ್ತನೇದಾಗ ಇದ್ದಾಗ ನಲವತ್ತೆರಡು. ಕಾಲೇಜಿಗೆ ಹೋಗೂ ಹೊತ್ತಿಗೆ ಕಾಲ ಉದ್ದಾದ್ವು. ಮೂವತ್ತೆಂಟು."

ಅವಳೇ ಮುಂದುವರಿಸಿದಳು. "ನಿನಗ ಬ್ಯಾಸರ ಆಗಲಿ ಅಂತ ಬರದಿಲ್ಲ. ಪ್ರಶ್ನಿ ಕೇಳಿದ್ರು, ಬರದೆ. ನನಗ ಯಾರಾರ ಪ್ರಶ್ನಿ ಕೇಳಿ ಭಾಳ ದಿನ ಆಗಿತ್ತು."

"ಮೇಡಂಗ ಹೇಳ್ತೇನಿ. ನೀ ಬರದದ್ದು ಅಂತ."

"ಬ್ಯಾಡ."

"ಯಾಕ?"

"ನಿನ್ನ ತಗದ ಹಾಕ್ತಾರ. ಆಮ್ಯಾಲ ಎಲ್ಲಾರೂ ಈ ಮನ್ಯಾಗ ನನ್ನ ಮುಖಾ ನೋಡ್ತೀರಿ. ಮತ್ತ ಅಲ್ಲಿ ಎಲ್ಲಾ ಪಿಯುಸಿ, ಡಿಗ್ರಿ ಮಂದಿ. ಏಳನೇತ್ತ ಓದಿದಾಕಿ ಅಂದ್ರ ನಗ್ತಾರ."

"ನಗಬಾರದು ಅಂತ ನಿಯಮ ಐತಿ."

"ನಿಯಮ," ಅಂದಳು ಚೇತನಾ. ಅವಳ ತುಟಿ ಸ್ವಲ್ಪ ಸೊಟ್ಟಗಾಯಿತು. "ನೀವು ಅದರಾಗ ಯಾವ್ಯಾವು ಬೇಕೋ ಅಷ್ಟು ಇಟಗೊಂಡೀರಿ."

ಅದು ಸುಳ್ಳಲ್ಲ. ನಾನು ಬಾವಿಯ ಕಟ್ಟೆಗೆ ಒರಗಿ ನಿಂತೆ. "ಹಂಗಾರ ನೀನ ಹೇಳು. ಅವರು ಅಲ್ಲಿ ನನಗ ಪಾಪ ಅನ್ನಾಕತ್ತಾರ. ಒಬ್ಬಾಂವನ ತಂಗಿ ನನಗಂತ ಅತ್ತಾಳ. ಚಪ್ಪಲಿ ಹಾಕ್ಕೊಂಡು ಹೋದಾಕಿ ನಾ. ನಿನ್ನ ಸಾಲಿನೂ ನನಗ ಬಂತು, ಈಗ ನಿನ್ನ ಅಳೂನೂ ನಾನ ತಗೋಬೇಕೇನು?"

ಅವಳು ಒಂದು ಲಡಿ ನೂಲನ್ನು ಝಾಡಿಸಿ ತಂತಿಯ ಮೇಲೆ ಹರವಿದಳು, ಮತ್ತೆ ತೆಗೆದು ಮತ್ತೆ ಹರವಿದಳು.

"ಹೇಳೂದಾದ್ರ ನನ್ನ ಹೆಸರ ನಾ ಬರೀತೇನಿ," ಎಂದಳು ಕೊನೆಗೆ. "ನೀ ಬರೀಬ್ಯಾಡ. ನಿನ್ನ ಕೈಯಾಗ ಹೋದ್ರ ಅದರಾಗ ಒಂದ ರಾಜಕುಮಾರಿ ಬರತಾಳ."

ಊಟವಾದ ಮೇಲೆ ಇಬ್ಬರೂ ಹೋದೆವು. ಖಾದರಬಾಷಾ ಚಾಚಾ ಇಬ್ಬರಿಗೂ ಕುರ್ಚಿ ಒರೆಸಿದರು. ನಾನು ಆ ಬರಹದ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ ಬರೆದೆ. ಒಂಬತ್ತನೇ ವಾರ ನಾನು ಊರಲ್ಲಿರಲಿಲ್ಲ. ನನ್ನ ಪಾಸ್‌ವರ್ಡ್ ನಾನೇ ಕೊಟ್ಟೆ. ಇದು ನನ್ನ ಬರಹವಲ್ಲ, ಇದರಲ್ಲಿರುವ ಹುಡುಗಿಯೂ ನಾನಲ್ಲ. ಇದರಲ್ಲಿರುವ ಅಕ್ಕ ನಾನು. ನಮ್ಮ ಕಡೆ ಒಬ್ಬರ ಮಗ್ಗಕ್ಕೆ ಒಬ್ಬರು ಕೂಡುವ ರೂಢಿ ಇದೆ, ಆದರೆ ಕೂಡುವಾಗ ಗುರುತು ಕಟ್ಟುತ್ತೇವೆ, ಇಲ್ಲಿ ನಾನು ಕಟ್ಟಿಸಲಿಲ್ಲ. ಇದನ್ನು ಬರೆದವರು, ಎಂದು ಬರೆದು ನಿಲ್ಲಿಸಿ ಎದ್ದೆ.

ಚೇತನಾ ಕುಳಿತಳು. ಅವಳು ಈ ಮೊದಲು ಕಂಪ್ಯೂಟರಿನ ಕೀಲಿ ಮುಟ್ಟಿರಲಿಲ್ಲ. ತೋರುಬೆರಳನ್ನು ಸೂಜಿಯಂತೆ ಹಿಡಿದು ಒಂದೊಂದೇ ಅಕ್ಷರ ಹುಡುಕಿದಳು. ಚಕಾರಕ್ಕೆ ಏತ್ವ ಬರದೆ ಎರಡು ಸಲ ಅಳಿಸಿದಳು. ಚಾಚಾ ಕೈ ಮುಂದೆ ಮಾಡಿದಾಗ "ಇರ್ರಿ" ಅಂದಳು. ತನ್ನ ಹೆಸರಾದ ಮೇಲೆ, ಯಾರೂ ಹೇಳದಿದ್ದರೂ, ಏಳನೇ ತರಗತಿ ಎಂದು ಕೂಡ ಹಾಕಿದಳು.

ಎರಡು ದಿನ ಮೇಡಂ ಏನೂ ಬರೆಯಲಿಲ್ಲ. ಆ ಎರಡು ದಿನ ನಾನು ಮನಸ್ಸಿನಲ್ಲಿ ಮೇಡಂ ಕಡೆಯಿಂದ ಎಷ್ಟು ಪತ್ರ ಬರೆದೆನೋ ಲೆಕ್ಕವಿಲ್ಲ. ಎಲ್ಲದರಲ್ಲೂ ಅವರು ಕೊನೆಗೆ ನನ್ನನ್ನು ಕ್ಷಮಿಸುತ್ತಿದ್ದರು. ಒಂದರಲ್ಲಂತೂ ಸ್ವತಃ ಇಳಕಲ್ಲಿಗೆ ಬಂದು, ಮುತ್ತಿನ ನತ್ತು ಸರಿಪಡಿಸಿಕೊಳ್ಳುತ್ತ, ಚೇತನಾಳನ್ನು ಕೈಹಿಡಿದು ಕರೆದುಕೊಂಡು ಹೋದರು.

ಗುರುವಾರ ನಿಜವಾದ ಪತ್ರ ಬಂತು.

"ಪ್ರಿಯದರ್ಶಿನಿಯವರೇ, ನೀವು ಹೇಳದಿದ್ದರೆ ನನಗೆ ತಿಳಿಯುತ್ತಿರಲಿಲ್ಲ. ಕನಸು ಕಡಿಮೆಯಾಗಿದೆ ಎಂದು ನಾನೇ ಹೊಗಳಿದ್ದೆ. ಕೈ ಬೇರೆಯಾಗಿದೆ ಎಂದು ಹೊಳೆಯಲಿಲ್ಲ. ಅದು ನನ್ನ ಓದಿನ ದೋಷ. ನೀವು ಹೇಳಿದ್ದಕ್ಕೆ ನನಗೆ ಗೌರವವಿದೆ. ಆದರೆ ಆ ವಾರದ ಬರಹ ನಿಮ್ಮದಲ್ಲ, ಆದ್ದರಿಂದ ಅದನ್ನು ನಿಮ್ಮ ಲೆಕ್ಕಕ್ಕೆ ಹಿಡಿಯಲಾರೆ. ನಿಮಗೆ ಎರಡು ವಾರ ತಪ್ಪಿವೆ. ನಿಮಗಾಗಿ ನಿಯಮ ಸಡಿಲಿಸಿದರೆ, ಕಳೆದ ತಿಂಗಳು ಮಗುವಿನ ಜ್ವರಕ್ಕೆ ಎರಡು ವಾರ ತಪ್ಪಿಸಿ ಹೊರಹೋದ ನಿಮ್ಮ ಸಹಪಾಠಿಗೆ ನಾನು ಏನು ಹೇಳಲಿ? ಮುಂದಿನ ಜುಲೈಯಲ್ಲಿ ಮತ್ತೆ ಅರ್ಜಿ ಹಾಕಿ. ಚೇತನಾ ಅವರಿಗೆ ಹತ್ತನೇ ತರಗತಿ ಆಗದೆ ಪ್ರವೇಶ ಕೊಡಲು ನನ್ನಿಂದಾಗದು. ಖಾಸಗಿಯಾಗಿ ಪರೀಕ್ಷೆ ಕಟ್ಟಬಹುದು, ಅದರ ವಿವರ ಜೊತೆಗಿದೆ. ನಿಮ್ಮ ಖಾತೆ ಈ ಭಾನುವಾರ ಸಂಜೆ ಆರರವರೆಗೆ ತೆರೆದಿರುತ್ತದೆ. ಅಷ್ಟರಲ್ಲಿ ಅವರು ತಮ್ಮ ಹೆಸರು ಹಾಕಿ ಯಾರಿಗಾದರೂ ಉತ್ತರ ಬರೆಯುವುದಾದರೆ, ಬರೆಯಬಹುದು. ಓದಲು ನಾನು ಕಾದಿರುತ್ತೇನೆ."

ಮನೆಯಲ್ಲಿ ಓದಿ ಹೇಳಿದೆ. ಅಪ್ಪ ಆ ಸಂಜೆ ಮಗ್ಗದಿಂದ ಏಳಲೇ ಇಲ್ಲ. ಅವನ ಮಗ್ಗದ ಹೊಡೆತ ನನ್ನ ಎದೆಯ ಮೇಲೆ ಬಿದ್ದಂತೆ ಕೇಳುತ್ತಿತ್ತು. ಎರಡು ದಿನದ ಮೇಲೆ, ಹುನಗುಂದದ ಹೆಡ್‌ಮಾಸ್ತರರಿಗೆ ಫೋನ್ ಮಾಡಿ ಬೇರೆಯವರನ್ನು ನೋಡಿಕೊಳ್ಳಲು ಹೇಳಿ ಬಂದೆ ಎಂದು ತಾನಾಗಿ ಹೇಳಿದ. ಬೈಯಲಿಲ್ಲ. ನನಗೆ ಹುನಗುಂದದ ಆ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೋದಂತಾಯಿತು. ಹೆಸರಿಡಬಾರದಿತ್ತು. ಹಿತ್ತಲಿಗೆ ಹೋಗಿ ಸ್ವಲ್ಪ ಅತ್ತೆ, ನನ್ನದೇ ಅಳು.

ಆಯಿ ಮಾತ್ರ, "ಆ ಮೇಡಂ ಅಷ್ಟೇನೂ ಕೆಟ್ಟಾಕಿ ಅಲ್ಲ," ಅಂದಳು. "ಗಟ್ಟಿ ಅದಾಳ. ತಪ್ಪಿನಾಗ ತನಗೂ ಒಂದ ಪಾಲು ಇಟಗೊಂಡಳಲ್ಲ."

ಭಾನುವಾರ ನಾಲ್ಕಕ್ಕೆ ನಾನೂ ಚೇತನಾಳೂ ಅಂಗಡಿಗೆ ಹೋದೆವು. ಅವಳು ಹೊಸ ಸೀರೆ ಉಟ್ಟಿದ್ದಳು, ಕೂದಲಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಿದ್ದಳು. ಯಾರೂ ನೋಡುವವರಿಲ್ಲದ ಕ್ಲಾಸಿಗೆ ಯಾಕೆ ಇಷ್ಟು ತಯಾರಿ ಎಂದು ಕೇಳಲು ಬಾಯಿ ತೆರೆದವಳು ಮುಚ್ಚಿದೆ.

ಯಾರೂ ನಕ್ಕಿರಲಿಲ್ಲ. ಒಬ್ಬರೋ ಇಬ್ಬರೋ ನನ್ನ ಮೇಲೆ ಮುನಿದು ಬರೆದಿದ್ದರು, ನಾವು ನಂಬಿದ್ದೆವು ಎಂದು. ಅದು ನನಗೆ ಸಲ್ಲಬೇಕಾದದ್ದೇ. ಉಳಿದವರು ಈಗ ಚೇತನಾ ಅವರೇ ಎಂದು ಅವಳ ಹೆಸರಿಗೇ ಬರೆದಿದ್ದರು. ಅವಳು ಎಲ್ಲವನ್ನೂ ತುಟಿ ಅಲ್ಲಾಡಿಸುತ್ತ ಓದಿದಳು. ಯಮನೂರನಿಗೆ, ನಿಮ್ಮ ತಂಗಿಗೆ ಅಳಬ್ಯಾಡ ಅನ್ನಿ, ನಾನು ಆರಾಮ ಇದ್ದೇನೆ ಎಂದು ಅರ್ಧ ತಾಸಿನಲ್ಲಿ ಬರೆದಳು.

ಆಮೇಲೆ ಈ ವಾರದ ಬರಹಗಳನ್ನು ತೆರೆದಳು. ಕಲಾದಗಿಯ ಒಬ್ಬ ಹೆಣ್ಣುಮಗಳು ಬರೆದಿದ್ದಳು, ಬಾಲವಾಡಿಯಲ್ಲಿ ಮಕ್ಕಳನ್ನು ಮೊದಲು ಕೈಕಟ್ಟಿ ಕೂಡಲು ಕಲಿಸಬೇಕು, ಕೈ ಸುಮ್ಮನಾದರೆ ಮನಸ್ಸು ಸುಮ್ಮನಾಗುತ್ತದೆ, ಆಮೇಲೆ ಪಾಠ. ಅದರ ಕೆಳಗೆ ಆಗಲೇ ನಾಲ್ಕು ಮಂದಿ ಚೆನ್ನಾಗಿದೆ ಎಂದಿದ್ದರು. ಚೇತನಾ ಅದನ್ನು ಓದಿ ಕುರ್ಚಿಯಲ್ಲಿ ಹಿಂದಕ್ಕೆ ಸರಿದಳು, ತನ್ನ ಎರಡೂ ಕೈ ತೊಡೆಯ ಮೇಲೆ ಬೋರಲಿಟ್ಟುಕೊಂಡು ನೋಡಿಕೊಂಡಳು.

"ಇದನ್ನ ನಾ ಒಪ್ಪೂದಿಲ್ಲ," ಎಂದಳು.

"ಬರಿ ಮತ್ತ."

"ಐದೂವರಿ ಆಗಾಕ ಬಂತು. ನನ್ನ ಬೆರಳಿಗೆ ಆಗೂದಿಲ್ಲ. ನಾ ಹೇಳ್ತೇನಿ, ನೀ ಹೊಡಿ."

ನನ್ನ ಕೈ ತಾನಾಗಿ ಕೀಲಿಯ ಕಡೆಗೆ ಹೋಗಿತ್ತು. ಅವಳು ಹೇಳಿದರೆ ಐದು ನಿಮಿಷದ ಕೆಲಸ. ನಾನು ಆ ಕೈಯನ್ನು ಹಿಂದೆ ತಂದು ಕುರ್ಚಿಯ ಬೆನ್ನಿಗೆ ಇಟ್ಟೆ.

"ನೀನ ಹೊಡಿ," ಎಂದೆ. "ಆದಷ್ಟು ಆಗಲಿ."

ಅವಳು ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಪರದೆಗೆ ಮುಖ ಕೊಟ್ಟು ಮುಂದಕ್ಕೆ ಬಾಗಿದಳು. ನ ಸಿಕ್ಕಿತು. ಮ್ಮ ಹುಡುಕಲು ಹೊತ್ತಾಯಿತು. ಅದು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಖಾದರಬಾಷಾ ಚಾಚಾ ಗೋಡೆಯ ಗಡಿಯಾರ ನೋಡಿ, ಹೊರಗೆ ಕಾದಿದ್ದ ಗಿರಾಕಿಗೆ ಆರರ ಮೇಲೆ ಬರಲು ಹೇಳಿ, ಬಾಗಿಲ ಪರದೆ ಎಳೆದರು. ಒಳಗೆ ಚೇತನಾಳ ಒಂದೇ ಬೆರಳಿನ ಸಪ್ಪಳ ಕೇಳುತ್ತಿತ್ತು, ನಿಂತು ನಿಂತು. ಕಂಪ್ಯೂಟರಿನ ಪರದೆಯ ಮೇಲೆ ಅಕ್ಷರ ಒಂದರ ಪಕ್ಕ ಒಂದು ಬಂದು ಕೂಡುತ್ತಿದ್ದವು: ನಮ್ಮ ಓಣಿಯ ಮಕ್ಕಳು ಕೈಯಿಂದಲೇ ಕಲಿಯುತ್ತಾರೆ, ಅವನ್ನು ಯಾಕೆ ಕಟ್ಟಬಾರದು ಎಂದರೆ